ಇನ್‌ಕ್ರೆಡಿಬಲ್ಸ್ 2 ಅನಿಮೇಷನ್ ಸಿನಿಮಾ ಮಕ್ಕಳ ಜೊತೆ ನೋಡಬಹುದಾ? ಮೊದಲ ಭಾಗದಷ್ಟು ಚೆನ್ನಾಗಿದೆಯಾ?

ಖಂಡಿತ ನೋಡಿ. ಮೊದಲ ಭಾಗದಷ್ಟು ಬಿಗಿ ಇದರಲ್ಲಿಲ್ಲ, ಆದರೆ ನನ್ನ ಮನಸ್ಸಿಗೆ ಹತ್ತಿರವಾಗಿರೋದು ಇದೇ. ಯಾಕೆ ಅಂತ ಹೇಳಬೇಕಾದರೆ ನಮ್ಮ ಮನೆಯ ವಿಷಯವನ್ನೂ ಸ್ವಲ್ಪ ಹೇಳಬೇಕು.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ, ಅಡಿಕೆ ತೋಟ. ಹೆಂಡತಿ ನರ್ಸ್. ಒಂದು ಮಳೆಗಾಲ ಅವಳು ಆರು ತಿಂಗಳ ತರಬೇತಿಗೆ ಬೆಂಗಳೂರಿಗೆ ಹೋದಳು. ಮನೆಯಲ್ಲಿ ಉಳಿದವರು ನಾನು, ಅಮ್ಮ, ಮೂರನೇ ಕ್ಲಾಸಿನ ಮಗಳು, ಎರಡು ವರ್ಷದ ಮಗ. ಮಳೆ ಹೊಳವಾದ ದಿನವೇ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸಬೇಕು, ಅದೇ ದಿನ ಮಗಳನ್ನು ಎಂಟು ಗಂಟೆಗೆ ರಸ್ತೆಗೆ ಮುಟ್ಟಿಸಬೇಕು. ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿ ಮಡಚೋದನ್ನು ಕಲಿಯಲು ನನಗೆ ಎರಡು ವಾರ ಹಿಡಿಯಿತು. ರಾತ್ರಿ ಹೆಂಡತಿ ಫೋನ್ ಮಾಡಿದರೆ ‘ಎಲ್ಲ ಆರಾಮ’ ಅಂತಿದ್ದೆ. ಮಗನಿಗೆ ಜ್ವರ ಬಂದಿದ್ದ ರಾತ್ರಿಯೂ ಹಾಗೇ ಅಂದೆ.

ಆ ದಿನಗಳಲ್ಲೇ ಒಂದು ಭಾನುವಾರ ಲ್ಯಾಪ್‌ಟಾಪಿನಲ್ಲಿ ಈ ಸಿನಿಮಾ ಹಾಕಿದ್ದು. ಕಥೆ ಏನಪ್ಪಾ ಅಂದರೆ, ಸೂಪರ್‌ಹೀರೋಗಳ ಮೇಲೆ ಸರ್ಕಾರದ ನಿಷೇಧ ಇದೆ. ಅದನ್ನು ತೆಗೆಸಬೇಕು ಅಂತ ಹೊರಟ ಒಬ್ಬ ಶ್ರೀಮಂತ ಮತ್ತವನ ಸೋದರಿ ಒಂದು ಸೂಪರ್‌ಹೀರೋ ದಂಪತಿಯಲ್ಲಿ ಕೆಲಸಕ್ಕೆ ಆರಿಸಿಕೊಳ್ಳೋದು ಗಂಡ ಬಾಬ್‌ನನ್ನಲ್ಲ, ಹೆಂಡತಿ ಹೆಲನ್‌ಳನ್ನು. ಅವಳು ಕೆಲಸ ಮಾಡಿದ ಕಡೆ ಹಾಳಾಗೋದು ಕಡಿಮೆ, ಅದೇ ಕಾರಣ. ಬಾಬ್‌ಗೆ ಒಳಗೊಳಗೇ ನೋವು, ಆದರೂ ಅವಳನ್ನು ಕಳಿಸಿಕೊಡುತ್ತಾನೆ.

ಆಮೇಲಿನ ಮನೆಯ ಭಾಗವೇ ಈ ಸಿನಿಮಾದ ಜೀವ. ಮಗ ಡ್ಯಾಶ್‌ನ ಗಣಿತ ಬಾಬ್ ಕಲಿತ ರೀತಿಯದ್ದಲ್ಲ. ಎಲ್ಲರೂ ಮಲಗಿದ ಮೇಲೆ ಅವನೊಬ್ಬನೇ ಪುಸ್ತಕ ಹಿಡಿದು ಕೂತು ಕಲಿಯುತ್ತಾನೆ, ಬೆಳಗಿನ ಜಾವ ಮಗನನ್ನು ಎಬ್ಬಿಸಿ ಹೇಳಿಕೊಡುತ್ತಾನೆ. ಕಟ್ಟಡಗಳನ್ನೇ ಎತ್ತುವ ತೋಳಿನವನು ಒಂದು ಲೆಕ್ಕಕ್ಕಾಗಿ ನಿದ್ದೆಗೆಡೋದು ನೋಡಿ ನನಗೆ ಗಂಟಲು ಕಟ್ಟಿತು. ಹೆಲನ್ ಫೋನ್ ಮಾಡಿದಾಗ, ಮನೆ ರಣರಂಗವಾಗಿದ್ದರೂ, ಎಲ್ಲ ಚೆನ್ನಾಗಿದೆ ಅನ್ನುತ್ತಾನೆ. ಕಥೆಯನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಕೂತಿದ್ದೆ. ಅಮ್ಮ ನನ್ನ ಮುಖ ನೋಡಿ, “ಅವನೂ ಹಂಗೇ ಹೇಳ್ತನಲ್ಲೋ” ಅಂದಳು. ಆ ರಾತ್ರಿ ಹೆಂಡತಿಗೆ ಜ್ವರದ ವಿಷಯ ಹೇಳಿಬಿಟ್ಟೆ.

ಮಕ್ಕಳಿಗೆ ಮಾತ್ರ ಬಾಬ್‌ನ ಕೊನೆಯ ಕೂಸು ಜ್ಯಾಕ್‌ಜ್ಯಾಕ್ ಸಾಕು. ಕಸದ ತೊಟ್ಟಿಯಿಂದ ತಿಂಡಿ ಕದಿಯಲು ಬಂದ ರಕೂನ್ ಅನ್ನೋ ಪ್ರಾಣಿಯ ಜೊತೆ ಆ ಕೂಸು ಹಿತ್ತಲಲ್ಲಿ ಜಗಳಕ್ಕೆ ಬೀಳುತ್ತೆ. ಬೆಂಕಿ, ಕಣ್ಣಿಂದ ಕಿರಣ, ಒಂದಕ್ಕೆ ಐದಾಗೋದು, ಏನೇನೋ. ನಮ್ಮ ಮಗ ಅದನ್ನು ನಾಲ್ಕು ಸಲ ಹಾಕಿಸಿಕೊಂಡು ನೋಡಿದ.

ಹೆಲನ್ ಓಡುವ ರೈಲನ್ನು ಬೈಕಿನಲ್ಲಿ ಬೆನ್ನಟ್ಟುವ ದೃಶ್ಯವನ್ನೂ ಬಿಡಬೇಡಿ. ಬೈಕು ಎರಡು ತುಂಡಾಗುತ್ತೆ, ನಡುವೆ ಅವಳ ಮೈ ರಬ್ಬರಿನಂತೆ ಎಳೆದುಕೊಂಡು ಎರಡನ್ನೂ ಹಿಡಿದಿರುತ್ತೆ. ಈ ಪಾತ್ರ ಬಿಟ್ಟು ಬೇರೆ ಯಾರಿಂದಲೂ ಆಗದ ದೃಶ್ಯ ಅದು. ಮೈಕೆಲ್ ಜಿಯಾಕಿನೋ ಸಂಗೀತದ ಕಹಳೆಗಳು ಅಲ್ಲಿ ಎದ್ದು ಕೇಳುತ್ತವೆ, ಸಾಧ್ಯವಾದರೆ ಒಳ್ಳೆ ಸ್ಪೀಕರ್ ಹಾಕಿ.

ಕೊರತೆ ಇರೋದು ಖಳನ ಕಡೆ. ಸ್ಕ್ರೀನ್‌ಸ್ಲೇವರ್ ಅನ್ನೋ ಆ ಖಳ ನಿಜಕ್ಕೂ ಯಾರು ಅನ್ನೋದು ದೊಡ್ಡವರಿಗೆ ಬೇಗ ಗೊತ್ತಾಗುತ್ತೆ. ಅದಕ್ಕಿಂತ ನನಗೆ ಬೇಸರ ತಂದಿದ್ದು ಬೇರೆ. ಜನ ಪರದೆಗೆ ಕಣ್ಣು ಕೊಟ್ಟು, ಯಾರೋ ಬಂದು ಕಾಪಾಡುತ್ತಾರೆ ಅಂತ ಕೂತಿದ್ದಾರೆ ಅನ್ನೋ ಮಾತು ಆ ಪಾತ್ರದ ಬಾಯಲ್ಲಿ ಬರುತ್ತೆ. ತೂಕದ ಮಾತು. ಸಿನಿಮಾ ಅದಕ್ಕೆ ಉತ್ತರ ಕೊಡೋದಿಲ್ಲ, ಹಡಗಿನ ಮೇಲಿನ ಉದ್ದದ ಹೊಡೆದಾಟಕ್ಕೆ ಹೋಗಿಬಿಡುತ್ತೆ. ಮೊದಲ ಭಾಗದ ಖಳ ಸಿಂಡ್ರೋಮ್‌ಗೆ ಬಾಬ್‌ನ ಹಳೆಯ ತಪ್ಪಿನ ಜೊತೆ ನಂಟಿತ್ತು, ಆ ಗಟ್ಟಿತನ ಇಲ್ಲಿಲ್ಲ.

2004ರ ಮೊದಲ ಭಾಗ, 2018ರ ಇದು, ಎರಡನ್ನೂ ಬರೆದು ನಿರ್ದೇಶಿಸಿದ್ದು ಬ್ರ್ಯಾಡ್ ಬರ್ಡ್. ನಡುವೆ 14 ವರ್ಷ ಕಳೆದಿದ್ದರೂ ಕಥೆ ಮೊದಲನೆಯದು ನಿಂತ ಗಳಿಗೆಯಿಂದಲೇ ಶುರುವಾಗುತ್ತೆ, ಹಾಗಾಗಿ ಹಿಂದಿನ ದಿನ ಮಕ್ಕಳಿಗೆ ಅದನ್ನು ತೋರಿಸಿಡಿ. ಹಿಂದಿ ಡಬ್ಬಿಂಗ್ ಇದೆ, ಅದರಲ್ಲಿ ಹೆಲನ್‌ಗೆ ದನಿ ಕೊಟ್ಟಿದ್ದು ಕಾಜೋಲ್.

ಒಂದು ವಿಷಯ ಮಾತ್ರ ದಯವಿಟ್ಟು ಗಮನಿಸಿ. ಖಳನ ಅಡ್ಡೆಯಲ್ಲಿ ಹೆಲನ್ ಹೊಡೆದಾಡುವಾಗ ಬಿಳಿ ಬೆಳಕು ತುಂಬ ಹೊತ್ತು ಪಟಪಟ ಮಿನುಗುತ್ತೆ. ಬಿಡುಗಡೆಯಾದಾಗ ಅಮೆರಿಕದ ಥಿಯೇಟರ್‌ಗಳಲ್ಲಿ ಇದರ ಬಗ್ಗೆ ಎಚ್ಚರಿಕೆಯ ಬೋರ್ಡ್ ಹಾಕಿದ್ದರು. ಮನೆಯಲ್ಲಿ ಯಾರಿಗಾದರೂ ಫಿಟ್ಸ್ ತೊಂದರೆ ಇದ್ದರೆ ಮೊದಲು ನೀವೊಬ್ಬರೇ ನೋಡಿ, ಆ ಭಾಗ ಎಷ್ಟು ಹೊತ್ತಿಗೆ ಬರುತ್ತೆ ಅಂತ ಗುರುತು ಹಾಕಿಟ್ಟುಕೊಂಡು, ಅವರ ಜೊತೆ ನೋಡುವಾಗ ದಾಟಿಸಿಬಿಡಿ.