ಬ್ಯಾಟ್‌ಮ್ಯಾನ್ 'ದಿ ಕಿಲ್ಲಿಂಗ್ ಜೋಕ್' ಆನಿಮೇಷನ್ ಸಿನಿಮಾನ ಕಾಮಿಕ್ ಓದಿದವ್ರು ಯಾಕೆ ಅಷ್ಟು ಬೈದ್ರು?

ಮೇನ್ ಕಾರಣ ಮೊದಲ ಅರ್ಧ ಗಂಟೆ. 1988ರ ಕಾಮಿಕ್ ಇರೋದೇ ಐವತ್ತು ಪುಟದೊಳಗೆ, ಪೂರ್ತಿ ಸಿನಿಮಾಗೆ ಅದು ಸಾಲಲ್ಲ ಅಂತ 2016ರಲ್ಲಿ ಸಿನಿಮಾ ಮಾಡುವಾಗ ಬ್ಯಾಟ್‌ಮ್ಯಾನ್ ಜೊತೆ ಕೆಲ್ಸ ಮಾಡೋ ಬ್ಯಾಟ್‌ಗರ್ಲ್ ಬಾರ್ಬರಾದು ಒಂದು ಹೊಸ ಕಥೆ ಸೇರಿಸಿದ್ರು. ಸೇರಿಸಿದ್ದು ತಪ್ಪಲ್ಲ, ಕಾಮಿಕ್‌ನಲ್ಲಿ ಅವಳು ಬಾಗಿಲು ತೆಗೀತಾಳೆ, ವಿಲನ್ ಜೋಕರ್ ಗುಂಡು ಹೊಡೀತಾನೆ, ಹೆಚ್ಚುಕಮ್ಮಿ ಅಷ್ಟೇ ಅವಳ ಪಾತ್ರ, ಹಾಗಾಗಿ ಅವಳಿಗೆ ಇನ್ನೂ ಜಾಗ ಬೇಕೇ ಇತ್ತು. ಆದ್ರೆ ಅದೇ ಹುಡುಗೀನ ಬ್ಯಾಟ್‌ಮ್ಯಾನ್ ಜೊತೆ ಟೆರೇಸ್ ಮೇಲೆ ಮಲಗಿಸಿಬಿಟ್ರು ನೋಡಿ, ಗುರು-ಶಿಷ್ಯೆ ಥರ ಇದ್ದ ಸಂಬಂಧ ಅದು, ನಂಗಂತೂ ತುಂಬಾ ಬೇಜಾರಾಯ್ತು. ಆಮೇಲಿನ ಭಾಗ ಕಾಮಿಕ್‌ಗೆ ಹತ್ರಾನೇ ಇದೆ, ಮಾರ್ಕ್ ಹ್ಯಾಮಿಲ್ ಕೊಟ್ಟಿರೋ ಜೋಕರ್ ವಾಯ್ಸ್‌ಗೋಸ್ಕರ ಆದ್ರೂ ನೋಡಿ. ಕಾಮಿಕ್‌ನಲ್ಲಿ ಕಲಾವಿದ ಬ್ರಯಾನ್ ಬೊಲ್ಲಂಡ್ ಬಿಡಿಸಿದ ಮುಖಗಳಲ್ಲಿದ್ದ ಸೂಕ್ಷ್ಮ ಮಾತ್ರ ಸ್ಕ್ರೀನ್ ಮೇಲೆ ಬಂದಿಲ್ಲ.