ಉಗುಳಿನ ಕಿಟ್ ‘ಇಲ್ಲ’ ಅಂದ್ರ ನಂಬಬ್ಯಾಡ

ತಂಗಿ, ಬಾಗಲಕೋಟಿಯೊಳಗ ನಿಮ್ಮ ಚಿಗವ್ವಗ 38ಕ್ಕ ಎದಿ ಕ್ಯಾನ್ಸರ್ ಆತು, ಇಲ್ಲೆ ಅಮೆರಿಕಾದಾಗ ಉಗುಳು ಕಳಿಸಿ ಜೀನ್ ನೋಡಿಸೋ ಕಿಟ್ ಅಗ್ಗಕ್ಕ ಸಿಗತೈತಿ, ತರಿಸಲೇನು ಅಂತ ಕೇಳೀದಿ. ಪೂರ್ವಜರು ಎಲ್ಲಿಯವರು ಅಂತ ತಿಳಿಯೋ ಹವ್ಯಾಸ ಇದ್ರ ತರಿಸ್ಕೊ. ಕ್ಯಾನ್ಸರ್ ಪ್ರಶ್ನೆಗೆ ಅದು ಸಾಲೂದಿಲ್ಲ.

ಬಿಆರ್‌ಸಿಎ1, ಬಿಆರ್‌ಸಿಎ2 ಅಂತ ಎರಡು ಜೀನ್ ಅದಾವ, ಅವು ಕೆಟ್ರ ಎದಿ, ಅಂಡಾಶಯದ ಕ್ಯಾನ್ಸರ್ ಬರೋ ಸಾಧ್ಯತೆ ಹೆಚ್ಚು. 2018ರಾಗ ಇಂಥ ಕಿಟ್ ಮಾರೋ ಟ್ವೆಂಟಿಥ್ರೀ ಆ್ಯಂಡ್ ಮಿ ಕಂಪನಿಗೆ ಎಫ್‌ಡಿಎ (ಅಮೆರಿಕಾದ ಔಷಧ ನಿಯಂತ್ರಣ ಸಂಸ್ಥೆ) ಒಪ್ಪಿಗಿ ಕೊಟ್ಟಿದ್ದು ಆ ಜೀನುಗಳ ಬರೇ 3 ಬದಲಾವಣಿಗೆ. ಅವು ಅಶ್ಕೆನಾಜಿ (ಯುರೋಪ್ ಮೂಲದ) ಯಹೂದಿ ಮನಿತನದಾಗ ಹೆಚ್ಚು ಕಾಣೂವಂಥವು. 2023ರಾಗ 44 ಆತು. ರೋಗ ತರೋವು ಸಾವಿರಾರು ಅದಾವ. ಹಂಗಾಗಿ ಕಿಟ್ ‘ಸಿಗಲಿಲ್ಲ’ ಅಂದ್ರ ನಮ್ಮ ಕಡಿಯವ್ರಿಗೆ ಅದರಿಂದ ಧೈರ್ಯ ತಗೊಳ್ಳೂವಂಥದ್ದು ಏನೂ ಇಲ್ಲ. ಕಿಟ್ ಕಂಪನಿ ಕೊಡೋ ಕಚ್ಚಾ ಡೇಟಾ ಇಳಿಸ್ಕೊಂಡು ಬ್ಯಾರೆ ವೆಬ್‌ಸೈಟಿಗೆ ಹಾಕಿ ನೋಡೂದಂತೂ ಬ್ಯಾಡೇ ಬ್ಯಾಡ. ಹಂಗ ಸಿಕ್ಕ ಬದಲಾವಣಿಗಳನ್ನ 2018ರ ಒಂದು ಅಧ್ಯಯನದಾಗ ಕ್ಲಿನಿಕಲ್ ಲ್ಯಾಬಿನವರು ಮತ್ತ ಪರೀಕ್ಷೆ ಮಾಡಿದ್ರ ಶೇ 40 ಸುಳ್ಳು ಬಿದ್ದವು.

ಮೊದಲ ಪರೀಕ್ಷೆ ಆಗಬೇಕಾದ್ದು ನಿಂದಲ್ಲ, ಚಿಗವ್ವಂದು. ಬೆಳಗಾವಿ ಇಲ್ಲಾ ಬೆಂಗಳೂರಿನ ಕ್ಯಾನ್ಸರ್ ಡಾಕ್ಟರ್ ಕಡಿಂದ ಬರಸ್ರಿ. ಪೂರ್ಣ ಜೀನ್ ಓದಬೇಕು, ಜೊತಿಗೆ ಡಿಲೀಷನ್-ಡುಪ್ಲಿಕೇಷನ್ನೂ (ಜೀನಿನ ತುಂಡು ಹಾರಿಹೋಗೂದು, ಇಲ್ಲಾ ಎರಡೆರಡಾಗೂದು) ನೋಡಬೇಕು ಅಂತ ಬಾಯಿಬಿಟ್ಟು ಕೇಳ್ರಿ. ದೊಡ್ಡ ತುಂಡು ಹಾರಿಹೋಗಿದ್ರ ಸಾದಾ ಓದಿನಾಗ ತಪ್ಪಿಸ್ಕೋತೈತಿ. ಅಕಿಯಲ್ಲಿ ಬದಲಾವಣಿ ಸಿಕ್ಕು, ಅದು ನಿಮ್ಮ ಅಜ್ಜ ಇಲ್ಲಾ ಅಜ್ಜಿ ಕಡಿಂದ ಬಂದಿದ್ರ, ನಿಮ್ಮ ಅವ್ವಗ ಇರೋ ಸಾಧ್ಯತೆ ಅರ್ಧ, ನಿನಗ ಕಾಲು. ಆಮ್ಯಾಲೆ ನೀ ಅದೊಂದನ್ನ ಹುಡುಕಿಸಿದ್ರ ಸಾಕು. ಆಗ ಬರೋ ‘ಇಲ್ಲ’ ಖರೇ ‘ಇಲ್ಲ’.

ಅಕಿ ಬಯಾಪ್ಸಿ ರಿಪೋರ್ಟ್ ವಾಟ್ಸಾಪ್‌ನಾಗ ತರಿಸ್ಕೊ. ಇಆರ್, ಪಿಆರ್, ಹರ್2 ಅಂತ ಗಡ್ಡಿಯೊಳಗ ನೋಡೋ ಮೂರು ಗುರುತು ಇರತಾವ, ಮೂರೂ ನೆಗೆಟಿವ್ ಇದ್ರ ಬಿಆರ್‌ಸಿಎ1 ಅನುಮಾನ ಹೆಚ್ಚು. ಜೆನೆಟಿಕ್ ಕೌನ್ಸೆಲರ್ (ಜೀನ್ ಪರೀಕ್ಷೆ ಬಗ್ಗೆ ಸಲಹೆ ಕೊಡೋರು) ಮೂರು ತಲಿಮಾರಿನ ವಂಶವೃಕ್ಷ ಕೇಳ್ತಾರ. ಅಪ್ಪನ ಕಡಿದೂ ಬರಸು, ಗಂಡಸರಿಂದನೂ ಇದು ಇಳಿತೈತಿ. ಸೋದರಮಾವನ್ನ ಲಗ್ನ ಆದವರು ಮನ್ಯಾಗ ಇದ್ರ ಮುಚ್ಚಿಡಬ್ಯಾಡ. ಇಲ್ಲಿಯವ್ರಿಗೆ ಅದು ಹೊಳಿಯೂದಿಲ್ಲ, ಎರಡೂ ಕಡಿ ರಕ್ತ ಒಂದೇ ಆದ್ರ ಲೆಕ್ಕ ಬದಲಾಗತೈತಿ.

ಪರೀಕ್ಷೆಕ್ಕಿಂತ ಮೊದಲ ಜೀವವಿಮೆ ಮಾಡಿಸ್ಕೊ. ಜೀನ್ ನೋಡಿ ಭೇದಭಾವ ಮಾಡಬಾರದು ಅನ್ನೋ ಅಮೆರಿಕಾದ 2008ರ ಜಿನಾ ಕಾಯ್ದೆ ಆರೋಗ್ಯ ವಿಮೆ, ನೌಕರಿಗೆ ರಕ್ಷಣೆ ಕೊಡತೈತಿ. ಜೀವವಿಮೆಗೆ ಇಲ್ಲ.

ರಿಪೋರ್ಟಿನ್ಯಾಗ ‘ವಿಯುಎಸ್’ ಅಂತ ಬಂದ್ರ, ಬದಲಾವಣಿ ಸಿಕ್ಕೈತಿ, ಅದರಿಂದ ರೋಗ ಬರತೈತೋ ಇಲ್ಲೋ ಇನ್ನೂ ತಿಳಿದಿಲ್ಲ ಅಂತ ಅರ್ಥ. ಡೇಟಾಬೇಸಿನ್ಯಾಗ ಭಾರತೀಯರು ಕಡಿಮಿ, ಅದಕ್ಕ ನಮಗ ಇದು ಜಾಸ್ತಿ ಬರತೈತಿ. ಅಷ್ಟಕ್ಕ ಅಂಡಾಶಯ ತಗಸಾಕ ಹೋಗಬ್ಯಾಡ, ಎರಡು ವರ್ಷಕ್ಕೊಮ್ಮೆ ಲ್ಯಾಬಿಗೆ ಫೋನ್ ಹಚ್ಚಿ ವರ್ಗ ಬದಲಾಗೇತೇನು ಅಂತ ಕೇಳು.