'ಟೂ ಡೀಟೇಲ್ಡ್' ಅಂದರೆ ಹೊಗಳಿಕೆಯೋ ದೂರೋ?

ಪ್ರಶ್ನೆ: ಮೇಡಂ, ಬೇರೆ ದೇಶದಲ್ಲಿರುವ ಸಹೋದ್ಯೋಗಿಯೊಬ್ಬರು ಬರೆದ ವರದಿ ನನಗೆ ಬಹಳ ಹಿಡಿಸಿತು. 'ಇಟ್ ಈಸ್ ಟೂ ಡೀಟೇಲ್ಡ್' ಅಂತ ಮೇಲ್ ಹಾಕಿದೆ. ಮಾರನೇ ದಿನ ಅವರು ಸಾರಿ ಕೇಳಿ, ವರದಿಯನ್ನು ಅರ್ಧಕ್ಕೆ ಇಳಿಸಿ ಕಳಿಸಿದ್ದಾರೆ! 'ಟೂ' ಅಂದರೂ 'ವೆರಿ' ಅಂದರೂ ಒಂದೇ ಅಲ್ವಾ?

ಉತ್ತರ: ಒಂದೇ ಅಲ್ಲ. ಪಾಪ, ಅವರಿಗೆ ಕೇಳಿಸಿದ್ದು 'ವಿವರ ಅತಿಯಾಯ್ತು' ಅಂತ. ಈಗಲೇ ಇನ್ನೊಂದು ಮೇಲ್ ಹಾಕಿ. 'ಐ ಲವ್ಡ್ ದ ಡೀಟೇಲ್' ಅಂತ ಬರೆದು ಹಳೇ ವರದಿಯನ್ನೇ ಕೇಳಿ.

'ವೆರಿ' ಎಷ್ಟಿದೆ ಅಂತ ಮಾತ್ರ ಹೇಳುತ್ತದೆ. 'ಟೂ' ಬಂತು ಅಂದರೆ ಅಲ್ಲೊಂದು ಮಿತಿ ಇತ್ತು, ಅದು ದಾಟಿತು ಅಂತ ಲೆಕ್ಕ. ಚಹಾ 'ವೆರಿ ಹಾಟ್' ಆದರೆ ಖುಷಿಯಾಗಿ ಕುಡಿಯಬಹುದು. 'ಟೂ ಹಾಟ್' ಆದರೆ ನಾಲಿಗೆ ಸುಡುತ್ತದೆ. 'ಟೂ ಹಾಟ್ ಟು ಡ್ರಿಂಕ್' ಅಂತ ತೊಂದರೆಯನ್ನೂ ಬೆನ್ನಿಗೇ ಹೇಳುವುದುಂಟು. ಅಂದಹಾಗೆ, ಈ 'ಟೂ' ಮತ್ತು 'ಟು' ಮೂಲದಲ್ಲಿ ಒಂದೇ ಪದ. ಎರಡು 'ಓ' ಹಾಕಿ ಬೇರೆ ಮಾಡಿ ಬರೆಯುವುದು ಶುರುವಾಗಿದ್ದು ಸುಮಾರು 16ನೇ ಶತಮಾನದಲ್ಲಿ. 'ಮೀ ಟೂ' ಅನ್ನುವಾಗ ಬರುವ 'ಕೂಡ' ಎಂಬ ಅರ್ಥವೂ ಅದೇ ಪದದ್ದು.

ನಾವು ಎಡವುವುದಕ್ಕೆ ಕಾರಣ ನಮ್ಮ 'ತುಂಬಾ'. ಅದು ಎರಡೂ ಕಡೆ ನಡೆಯುತ್ತದೆ. ಹಾಗಂತ ಕನ್ನಡಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ ಅಂತಲ್ಲ. ನಾವು ಅದನ್ನು ಕ್ರಿಯಾಪದದಲ್ಲಿ ತೋರಿಸುತ್ತೇವೆ, ಅಷ್ಟೇ. 'ಅಂಗಿ ದೊಡ್ಡದಿದೆ' ಅಂದರೆ ಬರೀ ಅಳತೆಯ ಮಾತು. 'ಅಂಗಿ ದೊಡ್ಡದಾಯ್ತು' ಅಂದರೆ ಬೇರೆ ಸೈಜ್ ಕೊಡಿ ಅಂತ. ಈ 'ಆಯ್ತು' ಎಲ್ಲಿ ಹೊಂದುತ್ತದೋ ಅಲ್ಲಿ 'ಟೂ' ಹಾಕಿ. 'ಇದೆ' ಸಾಕು ಅನ್ನಿಸಿದರೆ 'ವೆರಿ'. ಯಾವ ವ್ಯಾಕರಣ ಸೂತ್ರಕ್ಕಿಂತಲೂ ಇದು ಸುಲಭ ಅಂತ ನನಗನ್ನಿಸುತ್ತದೆ.

ಸಿನಿಮಾ ನೋಡಿ 'ಟೂ ಗುಡ್' ಅನ್ನುತ್ತೇವಲ್ಲ, ಅದು ನಮ್ಮ ನಮ್ಮಲ್ಲಿ ನಡೆಯುತ್ತದೆ. ಹೊರಗಿನವರಿಗೆ ಬರೆಯುವಾಗ ಬೇಡ. ಯಾರಾದರೂ 'ಟೂ ಗುಡ್ ಟು ಬಿ ಟ್ರೂ' ಅಂದರೆ ಅವರಿಗೆ ನಂಬಿಕೆ ಬಂದಿಲ್ಲ ಅಂತ.

ಆದರೆ ಪ್ರತಿ 'ಟೂ' ಕೂಡ ದೂರಲ್ಲ. 'ಯು ಆರ್ ಟೂ ಕೈಂಡ್' ಅಂದರೆ ಥ್ಯಾಂಕ್ಸ್. ನನ್ನ ಯೋಗ್ಯತೆಗೆ ಮೀರಿದ ಉಪಕಾರ ಮಾಡಿದಿರಿ ಅನ್ನುವ ವಿನಯ. 'ಓನ್ಲಿ ಟೂ ಹ್ಯಾಪಿ ಟು ಹೆಲ್ಪ್' ಅಂದರೆ ಧಾರಾಳವಾಗಿ ಸಹಾಯ ಮಾಡ್ತೀನಿ ಅಂತ.

'ನಾಟ್' ಸೇರಿದಾಗ ಮಾತ್ರ ಸ್ವಲ್ಪ ಹುಷಾರು. 'ನಾಟ್ ಟೂ ಬ್ಯಾಡ್' ಅಂದರೆ ಪರವಾಗಿಲ್ಲ, ಚೆನ್ನಾಗೇ ಇದೆ. ಆದರೆ ನಿಮ್ಮ ಬಾಸ್ 'ಐ ಆಮ್ ನಾಟ್ ಟೂ ಹ್ಯಾಪಿ ಅಬೌಟ್ ದಿಸ್' ಅಂತ ಬರೆದರೆ, ಖುಷಿ ಒಂಚೂರು ಕಡಿಮೆಯಾಗಿದೆ ಅಂದುಕೊಂಡು ಸುಮ್ನೆ ಕೂರಬೇಡಿ. ಅವರಿಗೆ ಸಿಟ್ಟು ಬಂದಿದೆ.